ಫೀ ಕಟ್ಟೋ ದಿನ ಬೇರೆ, ದುಡ್ಡು ಬರೋ ದಿನ ಬೇರೆ: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಾಗೂ ಜಿಲ್ಲಾ ಬ್ಯಾಂಕರ್‌ಗಳ ಸಭೆಯಲ್ಲಿ ಕೂರುವ ಎಲ್ಲ ಬ್ಯಾಂಕಿನವರಿಗೆ ನಮಸ್ಕಾರ.

ನಾನು ಹೊಸನಗರದ ಕಡೆ ಒಂದು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಹೆಸರಿಗೆ ಝೆರಾಕ್ಸ್. ನಿಜವಾದ ಕೆಲಸ ಅರ್ಜಿ ಹಾಕಿಕೊಡೋದು. ಸ್ಕಾಲರ್‌ಶಿಪ್, ಸಿಇಟಿ, ಐಟಿಐ, ಹಾಸ್ಟೆಲ್, ಶಿಕ್ಷಣ ಸಾಲದ ವಿದ್ಯಾಲಕ್ಷ್ಮಿ, ಜಾತಿ ಆದಾಯ, ಎಲ್ಲವೂ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಸುತ್ತಿನ ಹಳ್ಳಿಗಳ ಅಪ್ಪ ಅಮ್ಮಂದಿರು ಮಕ್ಕಳನ್ನ ಕರ್ಕೊಂಡು ಬಂದು ಬೆಂಚಿನ ಮೇಲೆ ಕೂರುತ್ತಾರೆ. ಸರ್ವರ್ ಬರೋ ತನಕ ಮಾತಾಡುತ್ತಾರೆ. ಕೇಳಿ ಕೇಳಿ ಒಂದು ವಿಷಯ ನನಗೆ ಸ್ಪಷ್ಟವಾಗಿದೆ. ನಮ್ಮ ಮಲೆನಾಡಿನ ಮಕ್ಕಳಿಗೆ ಯೋಜನೆಗಳು ಕಡಿಮೆ ಇಲ್ಲ. ಆದರೆ ದುಡ್ಡು ಬೇಕಾದ ದಿನ ಬರಲ್ಲ. ಅದನ್ನ ಸರಿ ಮಾಡೋಕೆ ಹೊಸ ಯೋಜನೆ ಬೇಕಾಗಿಲ್ಲ, ನಿಮ್ಮ ಒಂದೆರಡು ಸಭೆ ಸಾಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕ್ಯಾಲೆಂಡರ್ ನೋಡಿ. ಇಲ್ಲಿನ ಹೆಚ್ಚಿನ ಮನೆಗಳಿಗೆ ವರ್ಷದ ದುಡ್ಡು ಅಂದರೆ ಅಡಿಕೆ. ಅಡಿಕೆ ಗೊನೆ ಕೊಯ್ಲು ಶುರುವಾಗೋದು ಮಳೆ ಹಿಂದೆ ಸರಿದ ಮೇಲೆ. ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೋ ಬೆಳೆಗಾರರ ಸಹಕಾರ ಸಂಘ ಮ್ಯಾಮ್ಕೋಸ್‌ಗೋ ಹಾಕಿ ಕೈಗೆ ಕಾಸು ಬರುವಷ್ಟರಲ್ಲಿ ಡಿಸೆಂಬರ್, ಜನವರಿ. ಕಾಲೇಜು ಫೀ ಕಟ್ಟಬೇಕಾದ್ದು ಜುಲೈ, ಆಗಸ್ಟ್‌ನಲ್ಲಿ. ಅದೇ ಹೊತ್ತಿಗೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಅದಕ್ಕೆ ಮೈಲುತುತ್ತು ತರಬೇಕು, ಮರ ಹತ್ತುವವರಿಗೆ ಕೂಲಿ ಕೊಡಬೇಕು. ಈಗ ಎಲೆಚುಕ್ಕಿ ರೋಗ ಬೇರೆ ಬಂದು ಕೂತಿದೆ. ಅಂದರೆ ಮನೆಯಲ್ಲಿ ಕೈ ಪೂರ್ತಿ ಖಾಲಿ ಇರುವ ತಿಂಗಳಲ್ಲೇ ಮಗಳ ಸೀಟಿಗೆ ಐವತ್ತು ಸಾವಿರವೋ ಒಂದು ಲಕ್ಷವೋ ಬೇಕು, ಅದೂ ನಾಲ್ಕೈದು ದಿನದ ಒಳಗೆ.

ಆಗ ಏನು ಮಾಡುತ್ತಾರೆ? ಸೊಸೈಟಿಯ ಬೆಳೆ ಸಾಲ ಎತ್ತಿ ಫೀ ಕಟ್ಟುತ್ತಾರೆ. ಬಂಗಾರ ಅಡ ಇಡುತ್ತಾರೆ. ಮಂಡಿಯಲ್ಲಿ ಮುಂಗಡ ಕೇಳುತ್ತಾರೆ. ಅದೂ ಆಗದವರು ತೋಟವನ್ನೇ ಚೇಣಿಗೆ ಕೊಡುತ್ತಾರೆ, ಅಂದರೆ ಮೊದಲೇ ರೇಟು ಮಾತಾಡಿ ಫಸಲನ್ನ ಬೇರೆಯವರಿಗೆ ಬಿಟ್ಟುಬಿಡುತ್ತಾರೆ. ಮಳೆಗಾಲದಲ್ಲಿ ಅವಸರಕ್ಕೆ ಚೇಣಿ ಕೊಟ್ಟವನಿಗೆ ಎಂಥ ರೇಟು ಸಿಗುತ್ತೆ ಅಂತ ನಾನು ಹೇಳಬೇಕಾ? ಚೇಣಿ ಹಿಡಿದವನಿಗೂ ಗೊತ್ತು, ಇವನಿಗೆ ಶುಕ್ರವಾರದೊಳಗೆ ದುಡ್ಡು ಬೇಕು ಅಂತ.

ಇದಕ್ಕೇ ಅಲ್ವಾ ಶಿಕ್ಷಣ ಸಾಲ ಅಂತ ಇರೋದು? ಹೌದು. ಆದರೆ ಅಲ್ಲೊಂದು ಗಂಟು ಇದೆ, ದಯವಿಟ್ಟು ಗಮನ ಕೊಟ್ಟು ಓದಿ.

ಸಿಇಟಿಯಲ್ಲಿ ಸೀಟು ಹಂಚಿಕೆ ಆಗುತ್ತದೆ. ಹುಡುಗಿ ಆ ಸೀಟು ಒಪ್ಪಿಕೊಂಡರೆ ಪರೀಕ್ಷಾ ಪ್ರಾಧಿಕಾರ ಕೆಇಎಗೆ ಫೀ ಕಟ್ಟಬೇಕು. ಕಟ್ಟಿದ ಮೇಲೆ ಅಡ್ಮಿಷನ್ ಆರ್ಡರ್ ಡೌನ್‌ಲೋಡ್ ಆಗುತ್ತದೆ. ಅದನ್ನ ಹಿಡ್ಕೊಂಡು ಕೊನೆಯ ದಿನದೊಳಗೆ ಕಾಲೇಜಿಗೆ ಹಾಜರಾಗಬೇಕು. ಇಲ್ಲದಿದ್ದರೆ ಸೀಟು ಹೋಯಿತು. ಇತ್ತ ಬ್ಯಾಂಕಿಗೆ ಹೋದರೆ ಏನು ಕೇಳುತ್ತಾರೆ? ಅಡ್ಮಿಷನ್ ಆರ್ಡರ್ ತನ್ನಿ, ಸಾಲ ನೋಡೋಣ. ಫೀ ಕಟ್ಟದೆ ಆರ್ಡರ್ ಇಲ್ಲ, ಆರ್ಡರ್ ಇಲ್ಲದೆ ಸಾಲ ಇಲ್ಲ, ಸಾಲ ಇಲ್ಲದೆ ಫೀ ಇಲ್ಲ. ಈ ಸುತ್ತಿನೊಳಗೆ ಸಿಕ್ಕ ಅಪ್ಪ ಮಂಡಿಗೆ ಓಡದೆ ಇನ್ನೆಲ್ಲಿಗೆ ಓಡುತ್ತಾನೆ? ಆಮೇಲೆ ಸಾಲ ಮಂಜೂರಾದರೂ, ಮೊದಲೇ ಕಟ್ಟಿದ ಫೀ ವಾಪಸ್ ಕೊಡೋಕೆ ಬರಲ್ಲ, ಎರಡನೇ ವರ್ಷದಿಂದ ಕೊಡುತ್ತೇವೆ ಅಂತ ನಮ್ಮ ಕಡೆಯ ಒಂದು ಶಾಖೆಯಲ್ಲಿ ಹೇಳಿ ಕಳಿಸಿದ್ದನ್ನ ನಾನೇ ಕೇಳಿದ್ದೇನೆ. ಇನ್ನೊಂದು ಶಾಖೆಯವರು ರಸೀದಿ ತೋರಿಸಿದರೆ ಕೊಟ್ಟರು. ಒಂದೇ ತಾಲ್ಲೂಕು, ಎರಡು ನ್ಯಾಯ.

ಇದಕ್ಕೆ ದಾರಿ ಇಲ್ಲವೇ ಅಂದರೆ ಇದೆ. ಮನೆ ಸಾಲಕ್ಕೆ ಮೊದಲೇ 'ಇಷ್ಟು ಕೊಡುತ್ತೇವೆ' ಅಂತ ತಾತ್ವಿಕ ಒಪ್ಪಿಗೆ ಪತ್ರ ಕೊಡುತ್ತಾರಲ್ಲ, ಹಾಗೆಯೇ ಸಿಇಟಿ ರ‍್ಯಾಂಕ್ ಬಂದ ಮೇಲೆ, ಸೀಟು ಹಂಚಿಕೆಗೆ ಮೊದಲು, ಕಾಗದಪತ್ರ ಎಲ್ಲ ನೋಡಿ ಒಂದು ಪತ್ರ ಕೊಡಲಿ. ಸೀಟು ಖಚಿತವಾದ ದಿನ ಹಂಚಿಕೆಯ ಪ್ರತಿ ನೋಡಿ ಫೀಯನ್ನ ನೇರವಾಗಿ ಕಟ್ಟಲಿ. ಜೂನ್‌ನಲ್ಲಿ ಪ್ರತಿ ತಾಲ್ಲೂಕಿನಲ್ಲಿ ಎರಡು ದಿನ ಎಲ್ಲ ಬ್ಯಾಂಕಿನವರನ್ನೂ ಒಂದೇ ಕಡೆ ಕೂರಿಸಿದರೆ ಇಷ್ಟು ಆಗುತ್ತೆ. ಸಾಲ ಮೇಳ ಅಂತ ಶಾಮಿಯಾನ, ಹಾರ, ಭಾಷಣ ಬೇಡ. ಟೇಬಲ್, ಕುರ್ಚಿ, ಸಹಿ ಹಾಕುವ ಅಧಿಕಾರ ಇರುವ ಮನುಷ್ಯ, ಇಷ್ಟು ಸಾಕು.

ಇನ್ನು ಕೌಂಟರ್‌ನಲ್ಲಿ ಏನೇನು ಹೇಳಿ ವಾಪಸ್ ಕಳಿಸುತ್ತಾರೆ ಅನ್ನೋದು. 'ಜಮೀನಿನ ಪತ್ರ ತನ್ನಿ.' 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಯಾವ ಅಡಮಾನವನ್ನೂ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಅದರ ಮೇಲೆ, 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರ ಸರ್ಕಾರದ ಗ್ಯಾರಂಟಿ ನಿಧಿ ಇದೆ. 'ನಿಮ್ಮೂರು ನಮ್ಮ ಶಾಖೆಯ ವ್ಯಾಪ್ತಿಗೆ ಬರಲ್ಲ.' ವ್ಯಾಪ್ತಿಯ ಕಾರಣ ಕೊಟ್ಟು ಶಿಕ್ಷಣ ಸಾಲ ನಿರಾಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಸುತ್ತೋಲೆ ಕಳಿಸಿದೆ. 'ಆಗಲ್ಲ.' ಬರೀ ಆಗಲ್ಲ. ಬ್ಯಾಂಕುಗಳ ಸಂಘದ ಮಾದರಿ ಯೋಜನೆ ಪ್ರಕಾರ ಅರ್ಜಿ ತಿರಸ್ಕರಿಸಬೇಕಾದರೆ ಮೇಲಿನ ಅಧಿಕಾರಿಯ ಒಪ್ಪಿಗೆ ಇರಬೇಕು, ಕಾರಣವನ್ನ ಅರ್ಜಿದಾರನಿಗೆ ತಿಳಿಸಬೇಕು. ಆದರೆ ತಿರಸ್ಕಾರ ಆಗಬೇಕಾದರೆ ಮೊದಲು ಅರ್ಜಿ ತಗೋಬೇಕಲ್ವಾ? ನಮ್ಮಲ್ಲಿ ಅರ್ಜಿಯನ್ನೇ ತಗೊಳ್ಳಲ್ಲ. ಬಾಯಲ್ಲೇ ಹೇಳಿ ಕಳಿಸುತ್ತಾರೆ. ಹಾಗಾಗಿ ನಿಮ್ಮ ಸಭೆಗೆ ಬರುವ ಅಂಕಿ ಅಂಶದಲ್ಲಿ ಬಾಕಿ ಇರುವ ಅರ್ಜಿ ಸೊನ್ನೆ ಅಂತಲೇ ಕಾಣುತ್ತೆ, ಅದು ಸುಳ್ಳೂ ಅಲ್ಲ.

ಅದಕ್ಕೇ ಬಂದವರಿಗೆಲ್ಲ ನಾನು ಹೇಳೋದು, ಬಾಯಲ್ಲಿ ಕೇಳಬೇಡಿ, ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ನಂಬರ್ ಬರುತ್ತೆ, ಆ ನಂಬರ್ ಹಿಡ್ಕೊಂಡು ಹೋಗಿ. ನಂಬರ್ ಇದ್ದರೆ ಮಾತಿನ ಧಾಟಿಯೇ ಬದಲಾಗುತ್ತೆ.

ವಿದ್ಯಾಲಕ್ಷ್ಮಿ ಅಂದ ಕೂಡಲೇ ಇನ್ನೊಂದು ಗೊಂದಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಡಮಾನ ಬೇಡ, ಜಾಮೀನುದಾರರು ಬೇಡ, 8 ಲಕ್ಷದೊಳಗೆ ಆದಾಯ ಇರುವ ಮನೆಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ. 3 ರಿಯಾಯಿತಿ. ಒಳ್ಳೆಯ ಯೋಜನೆ. ಆದರೆ ಅದು ರಾಷ್ಟ್ರೀಯ ರ‍್ಯಾಂಕಿಂಗ್‌ನಲ್ಲಿ ಮೇಲಿರುವ ಕಾಲೇಜುಗಳಿಗೆ ಮಾತ್ರ, ಶುರುವಿನಲ್ಲಿ ದೇಶಕ್ಕೆಲ್ಲ ಸೇರಿ 860 ಸಂಸ್ಥೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಸೇರುವ ಕಾಲೇಜು ಆ ಪಟ್ಟಿಯಲ್ಲಿ ಇರಲ್ಲ. ಬ್ಯಾಂಕಿನ ಗೋಡೆ ಮೇಲೆ ಪೋಸ್ಟರ್ ನೋಡಿ ಬಂದವರಿಗೆ, ನಿಮ್ಮ ಕಾಲೇಜಿಗೆ ಇದು ಇಲ್ಲ, ಮಾಮೂಲಿ ಶಿಕ್ಷಣ ಸಾಲ ಇದೆ ಅಂತ ಬಿಡಿಸಿ ಹೇಳುವವರು ಬೇಕು. ಹೇಳದಿದ್ದರೆ ಅವರು ಸಾಲವೇ ಇಲ್ಲ ಅಂದುಕೊಂಡು ಎದ್ದು ಹೋಗುತ್ತಾರೆ.

ಸಾಲದ ಲೆಕ್ಕವನ್ನೂ ಯಾರೂ ಬಿಡಿಸಿ ಹೇಳಲ್ಲ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ತಗೊಂಡರು ಅಂತ ಇಟ್ಟುಕೊಳ್ಳಿ, ಬಡ್ಡಿ ಶೇ. 10. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿಲ್ಲಲ್ಲ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50 ಸಾವಿರ, ಎರಡನೆಯದಕ್ಕೆ 40, ಆಮೇಲೆ 30, 20. ಒಟ್ಟು 1 ಲಕ್ಷ 40 ಸಾವಿರ, ಬರೀ ಸರಳ ಬಡ್ಡಿಯಲ್ಲಿ. ಕಂತು ಶುರುವಾಗುವ ದಿನ ತಲೆ ಮೇಲೆ 5 ಲಕ್ಷ 40 ಸಾವಿರ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 7,100 ರೂಪಾಯಿ. ಬೆಂಗಳೂರಿನಲ್ಲಿ ಹದಿನೆಂಟು ಸಾವಿರಕ್ಕೆ ಸೇರಿಕೊಂಡ ಹುಡುಗ ಪಿಜಿಗೆ ಕೊಟ್ಟು, ಊಟ ಮಾಡಿ, ಇದನ್ನೂ ಕಟ್ಟಿ, ಮನೆಗೆ ಏನು ಕಳಿಸುತ್ತಾನೆ? ಮನೆಯ ಆದಾಯ 4.5 ಲಕ್ಷದೊಳಗೆ ಇದ್ದು, ಕೋರ್ಸು ಮತ್ತು ಕಾಲೇಜು ನಿಯಮಕ್ಕೆ ಹೊಂದಿದರೆ ಓದುವಾಗಿನ ಆ ಬಡ್ಡಿಯನ್ನ ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ 2009ರಿಂದ ಇದೆ. ಅದಕ್ಕೆ ಆದಾಯ ಪ್ರಮಾಣಪತ್ರ ಕೊಟ್ಟು ಕೇಳಬೇಕು. ಕೇಳಬೇಕು ಅಂತ ಯಾರು ಹೇಳಬೇಕು?

ಸಾಲದ ಮಾತು ಇಷ್ಟುದ್ದ ಆಡಿದ್ದೇನೆ, ಆದರೆ ನಿಜ ಹೇಳಬೇಕೆಂದರೆ ನನ್ನ ಬೆಂಚಿನ ಮೇಲೆ ಕೂರುವ ಅರ್ಧದಷ್ಟು ಮಕ್ಕಳಿಗೆ ಇಷ್ಟು ದೊಡ್ಡ ಸಾಲವೇ ಬೇಕಾಗಿರಲಿಲ್ಲ. ಎಸ್ಸೆಸ್ಸೆಲ್ಸಿ ಆದ ಕೂಡಲೇ ನಮ್ಮವರ ತಲೆಯಲ್ಲಿ ಒಂದೇ ದಾರಿ: ಸೈನ್ಸ್, ಅದೂ ಆದರೆ ಘಟ್ಟದ ಕೆಳಗಿನ ಯಾವುದಾದರೂ ದೊಡ್ಡ ಪಿಯು ಕಾಲೇಜು, ಹಾಸ್ಟೆಲ್, ಸಿಇಟಿ ಕೋಚಿಂಗ್. ಪಿಯುಸಿಗೆ ಮಾಮೂಲಿ ಶಿಕ್ಷಣ ಸಾಲ ಸಿಗಲ್ಲ. ಹಾಗಾಗಿ ಆ ಎರಡು ವರ್ಷಕ್ಕೇ ಮನೆಯ ಬಂಗಾರ ಕರಗುತ್ತೆ. ಅಸಲಿ ಕೋರ್ಸಿಗೆ ಸೇರುವ ಹೊತ್ತಿಗೆ ಅಡ ಇಡೋಕೆ ಏನೂ ಉಳಿದಿರಲ್ಲ.

ಆದರೆ ಲೆಕ್ಕ ನೋಡಿ. ಎಸ್ಸೆಸ್ಸೆಲ್ಸಿ ಆಗಿ ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು ವರ್ಷ. ಎಸ್ಸೆಸ್ಸೆಲ್ಸಿ ಆಗಿ ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ, ಅಲ್ಲಿಂದ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರಿದರೆ ಮತ್ತೆ ಮೂರು ವರ್ಷ, ಅದೂ ಆರೇ. ಅದೇ ಡಿಗ್ರಿ. ನಡುವೆ ಕೈಯಲ್ಲಿ ಒಂದು ಡಿಪ್ಲೊಮಾ ಇರುತ್ತೆ, ಮನೆ ಕಷ್ಟ ಬಂದರೆ ಅಲ್ಲೇ ನಿಂತು ಕೆಲಸಕ್ಕೆ ಸೇರಬಹುದು. ಸರ್ಕಾರಿ ಪಾಲಿಟೆಕ್ನಿಕ್ ಫೀಯನ್ನ ಖಾಸಗಿ ಪಿಯು ಫೀ ಜೊತೆ ಇಟ್ಟು ನೋಡಿದರೆ ನಗು ಬರುತ್ತೆ, ಅಷ್ಟು ವ್ಯತ್ಯಾಸ. ಎರಡು ವರ್ಷದ ಐಟಿಐ ಮಾಡಿದವನಿಗೂ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ದಾರಿ ಇದೆ. ಹಾಗೆ ಹೋದರೆ ಬಿಇ ಮುಗಿಸೋಕೆ ಏಳು ವರ್ಷ, ಒಂದೇ ವರ್ಷ ಜಾಸ್ತಿ. ಗಣಿತ ಕಷ್ಟ ಅನ್ನೋ ಹುಡುಗ ಅದೇ ಗಣಿತದ ಕಾರಣಕ್ಕೆ ಸೆಕೆಂಡ್ ಪಿಯುಸಿ ಫೇಲಾಗಿ ಮನೆಯಲ್ಲಿ ಕೂರೋದಕ್ಕಿಂತ ಇದು ಎಷ್ಟೋ ಮೇಲು. ಮಾಚೇನಹಳ್ಳಿಯ ಕಡೆ ಜಿಟಿಟಿಸಿ ಅನ್ನೋ ಸರ್ಕಾರಿ ತರಬೇತಿ ಕೇಂದ್ರ ಇದೆ. ಅಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಹತ್ತನೇ ಕ್ಲಾಸ್ ಮುಗಿಸಿದ ಮಗುವಿನ ತಂದೆಗೆ ಈ ಹೆಸರು ಗೊತ್ತಿದೆಯಾ ಅಂತ ನಮ್ಮ ಸಂತೆಯಲ್ಲಿ ನಿಂತು ಕೇಳಿ ನೋಡಿ. ತೋಟ ಬಿಟ್ಟು ಹೋಗಲ್ಲ ಅನ್ನೋ ಮಕ್ಕಳೂ ಇದ್ದಾರೆ, ಪುಣ್ಯಕ್ಕೆ. ಕೃಷಿ ವಿಶ್ವವಿದ್ಯಾಲಯಗಳು ಎಸ್ಸೆಸ್ಸೆಲ್ಸಿ ಆದವರಿಗೆ ಕನ್ನಡ ಮಾಧ್ಯಮದಲ್ಲೇ ಎರಡು ವರ್ಷದ ಕೃಷಿ ಡಿಪ್ಲೊಮಾ ನಡೆಸುತ್ತವೆ. ನಮ್ಮ ಇರುವಕ್ಕಿಯಲ್ಲೇ ವಿಶ್ವವಿದ್ಯಾಲಯ ಇಟ್ಟುಕೊಂಡು ನಾವು ಇದನ್ನ ಕೇಳಿಯೇ ಇಲ್ಲ.

ಐಟಿಐ ಅಂದರೆ ಮೂಗು ಮುರಿಯುವವರು ಒಂದು ಕಾಲದಲ್ಲಿ ಈ ಜಿಲ್ಲೆಯಲ್ಲಿ ಇರಲಿಲ್ಲ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡೂ ಉಸಿರಾಡುತ್ತಿದ್ದಾಗ ಫಿಟ್ಟರ್ ಆದವನಿಗೆ ಹೆಣ್ಣು ಕೊಡೋಕೆ ಸಾಲು ನಿಲ್ಲುತ್ತಿದ್ದರು. ಕಾಗದದ ಕಾರ್ಖಾನೆ ಎಂಪಿಎಂ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಕಥೆ ನಿಮಗೇ ಗೊತ್ತು. ಅದರ ಜೊತೆ ಐಟಿಐ ಮೇಲಿನ ನಂಬಿಕೆಯೂ ಹೋಯಿತು. ಈಚೆಗೆ ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರ ತಂದಿದೆ, ಎಲೆಕ್ಟ್ರಿಕ್ ಗಾಡಿ ರಿಪೇರಿ, ರೋಬೋಟ್ ಕೆಲಸ ಎಲ್ಲ ಕಲಿಸುತ್ತಾರೆ. ಆದರೆ ಹಳ್ಳಿಯ ಅಪ್ಪನಿಗೆ ಯಂತ್ರದ ಫೋಟೋ ತೋರಿಸಿದರೆ ಏನೂ ಆಗಲ್ಲ. ಹೋದ ವರ್ಷ ಇಲ್ಲಿಂದ ಪಾಸಾದವರಲ್ಲಿ ಎಷ್ಟು ಮಂದಿ ಎಲ್ಲಿ ಕೆಲಸಕ್ಕೆ ಸೇರಿದರು, ಎಷ್ಟು ಸಂಬಳ, ಇದನ್ನ ಪ್ರತಿ ಐಟಿಐ ಗೇಟಿನಲ್ಲಿ ಬರೆದು ಹಾಕಿಸಿ. ಕಡಿಮೆ ಇದ್ದರೂ ಹಾಕಿಸಿ.

ಅಪ್ರೆಂಟಿಸ್‌ಶಿಪ್ ವಿಷಯಕ್ಕೆ ಬಂದರೆ, ಕಾನೂನು 1961ರದ್ದು. ಮೂವತ್ತು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರು ಇರುವ ಕಡೆ ಅಪ್ರೆಂಟಿಸ್ ತಗೊಳ್ಳಲೇಬೇಕು, ನೂರಕ್ಕೆ ಎರಡೂವರೆಯಿಂದ ಹದಿನೈದರವರೆಗೆ. ಸ್ಟೈಪೆಂಡ್‌ನಲ್ಲಿ ಕಾಲು ಭಾಗವನ್ನ, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರವೇ ಕೊಡುತ್ತೆ. ಶಿವಮೊಗ್ಗದಲ್ಲಿ ಫೌಂಡ್ರಿಗಳಿವೆ, ಗಾರ್ಮೆಂಟ್ಸ್ ಇವೆ, ಆಸ್ಪತ್ರೆಗಳಿವೆ, ಗಾಡಿ ಶೋರೂಂಗಳಿವೆ. ಇವರಲ್ಲಿ ಯಾರು ಎಷ್ಟು ಜನರನ್ನ ತಗೋಬೇಕಿತ್ತು, ಎಷ್ಟು ತಗೊಂಡಿದ್ದಾರೆ ಅನ್ನೋ ಪಟ್ಟಿ ಕನ್ನಡದಲ್ಲಿ ಎಲ್ಲಾದರೂ ಸಿಗುತ್ತಾ? ಓದುತ್ತಾ ದುಡಿಯೋದು, ಸಾಲವೇ ಇಲ್ಲದೆ ಕಲಿಯೋದು ಅಂದರೆ ಇದೇ ಅಲ್ವಾ.

ತಡವಾಗಿ ಬರುವ ದುಡ್ಡಿನ ಸಾಲಿನಲ್ಲಿ ಯುವನಿಧಿಯನ್ನೂ ನಾನು ಸೇರಿಸುತ್ತೇನೆ. 2024ರ ಜನವರಿ 12ರಂದು ಶಿವಮೊಗ್ಗದ ಫ್ರೀಡಂ ಪಾರ್ಕ್‌ನಲ್ಲೇ ಶುರುವಾದದ್ದು. ತಿಂಗಳಿಗೆ ಡಿಗ್ರಿಗೆ 3,000, ಡಿಪ್ಲೊಮಾಗೆ 1,500, ಪಾಸಾಗಿ 180 ದಿನ ಕೆಲಸ ಸಿಗದಿದ್ದರೆ, ಎರಡು ವರ್ಷದವರೆಗೆ. ಬೇಡ ಅನ್ನಲ್ಲ, ಎಷ್ಟೋ ಮಕ್ಕಳು ಅದರಲ್ಲೇ ಪರೀಕ್ಷೆಗಳ ಅರ್ಜಿ ಶುಲ್ಕ ಕಟ್ಟುತ್ತಾರೆ. ಆದರೆ ಓದುವಾಗ ಬಸ್ಸಿಗೆ ಕಾಸಿಲ್ಲದೆ ಬಿಟ್ಟವನಿಗೆ ಇದು ಬರಲ್ಲ. ಬಸ್ಸಿನ ವಿಷಯವೂ ಅಷ್ಟೇ. ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ. ಕೆಎಸ್‌ಆರ್‌ಟಿಸಿ ಪಾಸ್ ಕೂಡ ಸರ್ಕಾರಿ ಬಸ್ಸಿಗೆ. ನಮ್ಮ ಎಷ್ಟೋ ಊರಿಗೆ ಬರೋದು ಖಾಸಗಿ ಬಸ್ಸು ಮಾತ್ರ. ಕೊಪ್ಪದ ಸಹಕಾರ ಸಾರಿಗೆಯೂ 2020ರಲ್ಲಿ ನಿಂತು ಹೋಯಿತು. ದಿನಾ ಟಿಕೆಟ್ ತಗೊಂಡು ತೀರ್ಥಹಳ್ಳಿಗೋ ಸಾಗರಕ್ಕೋ ಹೋಗಿ ಬರುವ ಹುಡುಗಿಗೆ ಪುಕ್ಕಟೆ ಫೀ ಇದ್ದರೂ ಓದು ಪುಕ್ಕಟೆ ಆಗಲ್ಲ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸೀಟು ಸಿಗದಿದ್ದರೆ ವಿದ್ಯಾಸಿರಿಯಲ್ಲಿ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ದುಡ್ಡು ಕೊಡುತ್ತಾರೆ. ಆ ದುಡ್ಡೂ ರೂಮಿನ ಬಾಡಿಗೆಗೆ ಬೇಕು ಅಂದಾಗ ಬಂದರೆ ತಾನೆ.

ಕೊನೆಗೆ, ಬೇರೆ ಜಿಲ್ಲೆಯವರಿಗೆ ಅರ್ಥವಾಗದ, ನಿಮಗೆ ಚೆನ್ನಾಗಿ ಅರ್ಥವಾಗುವ ಒಂದು ವಿಷಯ. 2021ರಲ್ಲಿ ರೈತರ ಮಕ್ಕಳ ಸ್ಕಾಲರ್‌ಶಿಪ್, ರೈತ ವಿದ್ಯಾನಿಧಿ ಬಂತು. ವರ್ಷಕ್ಕೆ ಪಿಯುಸಿ, ಐಟಿಐ, ಡಿಪ್ಲೊಮಾ ಹುಡುಗರಿಗೆ 2,500, ಹುಡುಗಿಯರಿಗೆ 3,000. ಬಿಇ, ಎಂಬಿಬಿಎಸ್‌ಗೆ 10,000, 11,000. ರೈತರ ಮಕ್ಕಳು ಅಂತ ಗುರುತಿಸೋದು ಸರ್ಕಾರದ ರೈತ ನೋಂದಣಿ ಸಂಖ್ಯೆ, ಫ್ರೂಟ್ಸ್ ಐಡಿ ನೋಡಿ. ಫ್ರೂಟ್ಸ್ ಐಡಿಗೆ ಪಹಣಿ ಬೇಕು. ಶರಾವತಿ ಹಿನ್ನೀರಲ್ಲಿ ಊರು, ಜಮೀನು ಮುಳುಗಿ ಎದ್ದು ಬಂದವರ ಮೊಮ್ಮಕ್ಕಳ ಹತ್ತಿರ ಪಹಣಿ ಎಲ್ಲಿದೆ? ಕರೆಂಟಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ತುಂಬಿದ್ದು 1964ರಲ್ಲಿ. ಅಜ್ಜ ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಂದು ಕಾಡು ಕಡಿದು ತೋಟ ಮಾಡಿದ. ಅದೇ ತೋಟದಲ್ಲಿ ಮೂರನೇ ತಲೆಮಾರು ಅಡಿಕೆ ಕೊಯ್ಯುತ್ತಿದೆ. ದಾಖಲೆಯಲ್ಲಿ ಇನ್ನೂ ಅರಣ್ಯ. ಬಗರ್‌ಹುಕುಂ ಮಾಡಿದವರದ್ದೂ ಇದೇ ಪಾಡು. ಇಡೀ ನಾಡಿಗೆ ಕರೆಂಟು ಕೊಟ್ಟವರ ಮನೆ ಮಗು ರೈತನ ಮಗು ಅಲ್ಲ, ಯಾಕೆಂದರೆ ಕಂಪ್ಯೂಟರ್ ಹೇಳುತ್ತಿದೆ. ಬ್ಯಾಂಕಿಗೆ ಹೋದರೆ ಅಡಮಾನಕ್ಕೆ ಜಮೀನು ಅವರ ಹೆಸರಲ್ಲಿ ಇಲ್ಲ, ಸೊಸೈಟಿಗೆ ಹೋದರೆ ಬೆಳೆ ಸಾಲಕ್ಕೂ ಪಹಣಿ ಬೇಕು. ಮೇಲೆ ಹೇಳಿದ 4 ಲಕ್ಷದ ನಿಯಮ ನಿಜವಾಗಿ ಜಾಸ್ತಿ ಬೇಕಾಗಿರೋದು ಇಂಥ ಮನೆಗಳಿಗೇ. ಹಕ್ಕುಪತ್ರದ ಕೇಸು ಕೋರ್ಟಲ್ಲಿ ಮುಗಿಯೋದಕ್ಕೆ ಎಷ್ಟು ವರ್ಷ ಬೇಕೋ ಬೇಕಾಗಲಿ. ಈ ಮನೆಯವರು ಇಲ್ಲಿ ಬೇಸಾಯ ಮಾಡುತ್ತಿದ್ದಾರೆ ಅಂತ ಗ್ರಾಮ ಆಡಳಿತಾಧಿಕಾರಿ ಒಂದು ದೃಢೀಕರಣ ಕೊಟ್ಟರೆ ಮಕ್ಕಳ ಸ್ಕಾಲರ್‌ಶಿಪ್ ಮಟ್ಟಿಗಾದರೂ ಅದನ್ನ ಒಪ್ಪಿಕೊಳ್ಳಿ ಅಂತ ನೀವು ಸರ್ಕಾರಕ್ಕೆ ಬರೆಯಬಹುದು. ಭೂಮಿಯ ಹಕ್ಕು ಕೇಳುತ್ತಿಲ್ಲ, ಕಾಲೇಜಿನ ಫೀ ಕೇಳುತ್ತಿದ್ದೇವೆ.

ಮುಂದಿನ ಬ್ಯಾಂಕರ್‌ಗಳ ಸಭೆಯಲ್ಲಿ ದಯವಿಟ್ಟು ಪ್ರತಿ ಶಾಖೆಯಿಂದ ಮೂರು ಅಂಕಿ ಕೇಳಿ. ಈ ವರ್ಷ ಎಷ್ಟು ಶಿಕ್ಷಣ ಸಾಲದ ಅರ್ಜಿ ಬಂದವು, ಅರ್ಜಿ ಬಂದ ದಿನದಿಂದ ದುಡ್ಡು ಕಾಲೇಜಿಗೆ ಹೋದ ದಿನದವರೆಗೆ ಎಷ್ಟು ದಿನ ಹಿಡಿಯಿತು, 4 ಲಕ್ಷದೊಳಗಿನ ಸಾಲಕ್ಕೆ ಯಾರ ಹತ್ತಿರವಾದರೂ ಜಮೀನಿನ ಪತ್ರ ತಗೊಂಡಿದ್ದೀರಾ. ಜೊತೆಗೆ 2024ರ ಜುಲೈನಲ್ಲಿ ಕೌಶಲ್ಯ ತರಬೇತಿ ಸಾಲದ ಮಿತಿಯನ್ನ 1.5 ಲಕ್ಷದಿಂದ 7.5 ಲಕ್ಷಕ್ಕೆ ಏರಿಸಿದರಲ್ಲ, ಅದರಲ್ಲಿ ಹೊಸನಗರ, ತೀರ್ಥಹಳ್ಳಿ, ಸಾಗರ, ಸೊರಬದಲ್ಲಿ ಎಷ್ಟು ಜನರಿಗೆ ಕೊಟ್ಟಿದ್ದಾರೆ ಅಂತಲೂ ಕೇಳಿ. ಉತ್ತರ ಬಂದ ಹಾಗೇ ಪ್ರಕಟಿಸಿ. ತಾಲ್ಲೂಕು ಕ್ಯಾಂಪನ್ನ ಜೂನ್ ಎರಡನೇ ವಾರ ಇಟ್ಟರೆ ಒಳ್ಳೆಯದು, ಆಮೇಲೆ ಮಳೆ ಜೋರಾದರೆ ಹಿನ್ನೀರಿನ ಆಚೆಯವರು ಬರೋದು ಕಷ್ಟ. ಅರ್ಜಿ ತುಂಬಿಕೊಡೋಕೆ ಜನ ಬೇಕಾದರೆ ಆ ಎರಡು ದಿನ ನಾನು ಅಂಗಡಿ ಮುಚ್ಚಿ ಬರುತ್ತೇನೆ, ಪ್ರಿಂಟರ್ ಸಮೇತ.

ಇಂತಿ,
ಹೊಸನಗರ ಕಡೆಯ ಒಬ್ಬ ಝೆರಾಕ್ಸ್ ಅಂಗಡಿಯವನು